2001ರ ಡಿಸ್ಕವರಿ ನೌಕೆಯ ತಿರುಗುವ ಕೋಣೆ ಬ್ಲೆಂಡರ್‌ನಲ್ಲಿ: ಅಳತೆ ಎಲ್ಲಿಂದ ಹಿಡಿಯೋದು?

ಸಾಲಗಾಮೆ_ಗೇಟ್, ಹಾಸನ

ಎಲ್ಲರಿಗೂ ನಮಸ್ಕಾರ. '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದ ಡಿಸ್ಕವರಿ ನೌಕೆಯ ಒಳಭಾಗವನ್ನು ಕಾಲೇಜಿನ ಮೂರು ಜನ ಸೇರಿ ಬ್ಲೆಂಡರ್‌ನಲ್ಲಿ (3ಡಿ ಮಾಡೆಲ್ ಮಾಡುವ ತಂತ್ರಾಂಶ) ಕಟ್ಟುತ್ತಿದ್ದೇವೆ. ಗುರಿ ಎರಡು: ಹತ್ತು ಸೆಕೆಂಡಿನ ಒಂದು ರೆಂಡರ್ (ಮಾಡೆಲ್‌ನಿಂದ ಚಿತ್ರ ತೆಗೆದ) ವಿಡಿಯೊ, ಆಮೇಲೆ ಗೋಡೋ ಗೇಮ್ ಎಂಜಿನ್‌ನಲ್ಲಿ ಒಳಗೆ ಓಡಾಡುವ ಹಾಗೆ ಒಂದು ಚಿಕ್ಕ ಆವೃತ್ತಿ. ಸುಮಾರಾಗಿ ಹಾಗೇ ಕಾಣಿಸಿದರೆ ಸಾಲದು, ಶಾಟ್ ಪಕ್ಕ ಇಟ್ಟರೆ ಗೆರೆಗೆ ಗೆರೆ ಕೂರಬೇಕು.

ಸಿಕ್ಕಿಬಿದ್ದಿರುವ ಜಾಗಗಳು ಇವು. ಸೆಂಟ್ರಿಫ್ಯೂಜ್ ಅನ್ನು (ನೌಕೆಯ ತಿರುಗುವ ಗಾಲಿಯಂಥ ಕೋಣೆ, ಡ್ರಮ್ ಅಂತಲೂ ಕರೀತೀವಿ) ಉದ್ದಕ್ಕೆ ಚಪ್ಪಟೆಯಾಗಿ ಮಾಡಿ 360 ಡಿಗ್ರಿ ಬಗ್ಗಿಸಿದರೆ ಮೇಜು, ಕುರ್ಚಿ ಎಲ್ಲ ಮೇಲೆ ಕಿರಿದಾಗಿ ವಕ್ರವಾಗುತ್ತಿವೆ. ಎಫ್‌ಸ್ಪೈನಲ್ಲಿ (ಶಾಟ್ ನೋಡಿ ಕ್ಯಾಮೆರಾದ ಜಾಗ, ಲೆನ್ಸ್ ಲೆಕ್ಕ ಹಾಕುವ ತಂತ್ರಾಂಶ) ಕ್ಯಾಮೆರಾ ಹೊಂದಿಸಿದರೆ ಕಾಕ್‌ಪಿಟ್ ಸರಿ ಬರುತ್ತೆ, ಡ್ರಮ್ ಮಾತ್ರ ಬರಲ್ಲ. ಡ್ರಮ್, ಪಾಡ್ ಬೇ (ಪಾಡ್ ಅನ್ನೋ ಚಿಕ್ಕ ವಾಹನಗಳನ್ನು ನಿಲ್ಲಿಸುವ ಕೋಣೆ), ಕಾಕ್‌ಪಿಟ್ ಮೂರನ್ನೂ ನೌಕೆಯ ಮುಂಭಾಗದ ಗೋಳದೊಳಗೆ ಹಾಕಲು ಹೋದರೆ ಒಂದಲ್ಲ ಒಂದು ಗೋಡೆಯಿಂದ ಹೊರಗೆ ಚಾಚುತ್ತೆ. ಕೊನೆಗೆ, ಬಿಳಿ ಕೋಣೆ ಬೂದು ಬೂದಾಗಿ, ಕಾಳು ಕಾಳಾಗಿ ರೆಂಡರ್ ಆಗ್ತಿದೆ, ನೌಕೆಯ ಕಂಪ್ಯೂಟರ್ ಹ್ಯಾಲ್‌ನ ಕಣ್ಣು ಕೆಂಪಾಗುವ ಬದಲು ಗುಲಾಬಿ ಆಗ್ತಿದೆ.

ಯಂತ್ರ: ರೈಜನ್ 5, 16 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 3060 12 ಜಿಬಿ. ಬ್ಲೆಂಡರ್ 4.2.

---

ಲೇತ್_ಕಂಬ, ಬೇಲೂರು

ಮೊದಲನೆಯದಕ್ಕೆ ಉತ್ತರ ಹೇಳ್ತೀನಿ. ಉಳಿದ ಮೂರಕ್ಕೂ ಅಡಿಪಾಯ ಅದೇ.

ಬಗ್ಗಿಸುವ ದಾರಿ ಬಿಡಿ. ಚಿತ್ರದ ಆ ಸೆಟ್ 38 ಅಡಿ ವ್ಯಾಸ, 10 ಅಡಿ ಅಗಲದ ಉಕ್ಕಿನ ಗಾಲಿ. ವಿಕರ್ಸ್-ಆರ್ಮ್‌ಸ್ಟ್ರಾಂಗ್ ಕಂಪನಿ ಮಾಡಿಕೊಟ್ಟದ್ದು, ತೂಕ 30 ಟನ್ ಹತ್ತಿರ, ಆಗಿನ ಖರ್ಚು ಏಳೂವರೆ ಲಕ್ಷ ಡಾಲರ್. 38 ಅಡಿ ಅಂದರೆ 11.58 ಮೀಟರ್, ತ್ರಿಜ್ಯ 5.79 ಮೀಟರ್. ಚಪ್ಪಟೆ ಮಾಡೆಲ್ ಅನ್ನು ಸಿಂಪಲ್ ಡಿಫಾರ್ಮ್‌ನಿಂದ ಬಗ್ಗಿಸಿದಾಗ ನೆಲದ ಮಟ್ಟದಲ್ಲಿ ಮಾತ್ರ ಉದ್ದ ಸರಿ ಇರುತ್ತೆ. ಮೇಲೆ ಹೋದ ಹಾಗೆಲ್ಲ ಕೇಂದ್ರಕ್ಕೆ ಹತ್ತಿರವಾಗಿ ಕುಗ್ಗುತ್ತೆ. 75 ಸೆಂಟಿಮೀಟರ್ ಎತ್ತರದ ಮೇಜಿನ ಮೇಲ್ಮೈ 5.04 ಮೀಟರ್ ತ್ರಿಜ್ಯದಲ್ಲಿ ಇರುವುದರಿಂದ ಶೇಕಡ 13ರಷ್ಟು ಕಿರಿದಾಗುತ್ತೆ. ದುಂಡು ಗುಂಡಿ ಮೊಟ್ಟೆಯಾಕಾರ ಆಗೋದು, ಕುರ್ಚಿಯ ಬೆನ್ನು ಒಳಕ್ಕೆ ವಾಲೋದು ಇದರಿಂದಲೇ. ಯಾವ ಸೆಟ್ಟಿಂಗ್ ಬದಲಿಸಿದರೂ ಇದು ಹೋಗಲ್ಲ.

ಚಿಪ್ಪನ್ನು ಬೇರೆ ಮಾಡಿ, ಪೀಠೋಪಕರಣ ಬೇರೆ ಮಾಡಿ. ಚಿಪ್ಪಿಗೆ ಅಡ್ಡಸೀಳಿಕೆಯ ಒಂದು ಗೆರೆ ಬರೆದು ತಿರುಗಿಸಿದರೆ ಸಾಕು. ಇಲ್ಲಿ ಚೆನ್ನಕೇಶವನ ನವರಂಗದ ಕಂಬಗಳನ್ನು ಕಡೆದಿರೋ ಕ್ರಮವೂ ಇದೇ, ಒಂದು ಪ್ರೊಫೈಲ್, ಒಂದು ಅಕ್ಷ. ಎಕ್ಸ್ ಅಕ್ಷವನ್ನು ಗಾಲಿಯ ಅಚ್ಚು ಅಂತ ಇಟ್ಟುಕೊಳ್ಳಿ, ವರ್ಲ್ಡ್ ಒರಿಜಿನ್ (ಸೊನ್ನೆ ಬಿಂದು) ಗಾಲಿಯ ನಡುಮಧ್ಯ. ಇದನ್ನು ಕೊನೆಯವರೆಗೂ ಅಲುಗಿಸಬೇಡಿ.

ಪ್ಯಾನೆಲ್ ಜೋಡಣೆ ಗೆರೆಗಳು ಬೇಕಾದರೆ ಪೂರ್ತಿ ಸುತ್ತು ತಿರುಗಿಸದೆ ಒಂದೇ ಹೋಳು ಮಾಡಿ. 10 ಡಿಗ್ರಿಯ ಹೋಳಾದರೆ ನೆಲದ ಮೇಲೆ 1.01 ಮೀಟರ್ ಉದ್ದ ಬರುತ್ತೆ. ಸ್ಪಿನ್ ಟೂಲ್‌ನಲ್ಲಿ 10 ಡಿಗ್ರಿ, 4 ಹಂತ ಕೊಟ್ಟರೆ ಪೂರ್ತಿ ಸುತ್ತಿಗೆ 144 ಭಾಗ. ನಿಜವಾದ ವೃತ್ತಕ್ಕೂ ಇದಕ್ಕೂ ಇರುವ ಅಂತರ 1.4 ಮಿಲಿಮೀಟರ್ ಅಷ್ಟೇ. 72 ಭಾಗಕ್ಕೆ ನಿಲ್ಲಿಸಿದರೆ ಅದು 5.5 ಮಿಲಿಮೀಟರ್ ಆಗುತ್ತೆ, ಹತ್ತಿರದ ಶಾಟ್‌ನಲ್ಲಿ ನೆಲದ ಅಂಚು ಮುರಿದಂತೆ ಕಾಣುತ್ತೆ. ಆಮೇಲೆ ಹೋಳನ್ನು ಸಾಲಾಗಿ ನಕಲು ಮಾಡುವ ಅರೇ ಮಾಡಿಫೈಯರ್ ಹಾಕಿ, ರಿಲೇಟಿವ್ ಆಫ್‌ಸೆಟ್ ತೆಗೆದು ಆಬ್ಜೆಕ್ಟ್ ಆಫ್‌ಸೆಟ್ ಆನ್ ಮಾಡಿ. ಒರಿಜಿನ್‌ನಲ್ಲೇ ಒಂದು ಎಂಪ್ಟಿ (ರೆಂಡರ್‌ನಲ್ಲಿ ಕಾಣದ ಗುರುತು ವಸ್ತು) ಇಟ್ಟು ಎಕ್ಸ್ ಸುತ್ತ 10 ಡಿಗ್ರಿ ತಿರುಗಿಸಿ, ಸಂಖ್ಯೆ 36 ಕೊಡಿ. ಮರ್ಜ್ ಜೊತೆಗೆ ಮೊದಲ-ಕೊನೆಯ ಹೋಳನ್ನು ಸೇರಿಸುವ ಟಿಕ್ ಕೂಡ ಹಾಕಿ. ಹೋಳಿನ ಸ್ಕೇಲ್ ಅನ್ನು ಕಂಟ್ರೋಲ್ + ಎ ಒತ್ತಿ ಅಪ್ಲೈ ಮಾಡಿರದಿದ್ದರೆ ಗಾಲಿಯ ಬದಲು ಬಸವನಹುಳದ ಸುರುಳಿ ಬರುತ್ತೆ. ಈ ಬಗೆಯ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅದೇ ಕಾರಣ.

ಪೀಠೋಪಕರಣ ಬಗ್ಗಿಸಲೇಬೇಡಿ. ಪ್ರತಿಯೊಂದನ್ನೂ ಗಾಲಿಯ ತಳದಲ್ಲಿ, ಅಂದರೆ ಒರಿಜಿನ್‌ನಿಂದ 5.79 ಮೀಟರ್ ಕೆಳಗೆ, ನೇರವಾಗಿ ನಿಲ್ಲಿಸಿ ಮಾಡೆಲ್ ಮಾಡಿ. ಮುಗಿದ ಮೇಲೆ ಅದರ ಒರಿಜಿನ್ ಅನ್ನು ವರ್ಲ್ಡ್ ಕೇಂದ್ರಕ್ಕೆ ತಂದು ಎಕ್ಸ್ ಸುತ್ತ ಬೇಕಾದಷ್ಟು ಡಿಗ್ರಿ ತಿರುಗಿಸಿ. ಮೇಜು ಮೇಜಾಗಿಯೇ ಉಳಿಯುತ್ತೆ, ಜಾಗ ಮಾತ್ರ ಬದಲಾಗುತ್ತೆ. ಆದರೆ ತಳ ಚಪ್ಪಟೆಯಾಗಿದ್ದರೆ ನೆಲಕ್ಕೆ ಪೂರ್ತಿ ಕೂರುವುದಿಲ್ಲ. 2 ಮೀಟರ್ ಉದ್ದದ ಪೆಟ್ಟಿಗೆಯ ಎರಡು ತುದಿ ನೆಲ ಮುಟ್ಟಿದರೆ ನಡುವೆ 8.7 ಸೆಂಟಿಮೀಟರ್ ಸಂದು ಉಳಿಯುತ್ತೆ. ಗಗನಯಾತ್ರಿಗಳು ನಿದ್ರಿಸುವ ಉದ್ದ ಪೆಟ್ಟಿಗೆಗಳಿಗೆ ಇದನ್ನು ಮರೆತರೆ ತೇಲುತ್ತಿರುವ ಹಾಗೆ ಕಾಣುತ್ತವೆ. ತಳವನ್ನು ಮಾತ್ರ ನೆಲದ ವಕ್ರಕ್ಕೆ ಅಂಟಿಕೊಳ್ಳುವಂತೆ ಶ್ರಿಂಕ್‌ರ‍್ಯಾಪ್ ಮಾಡಿ, ಮೇಲ್ಭಾಗ ನೇರವಾಗಿರಲಿ.

38 ಅಡಿ ಅನ್ನೋದು ಒಳನೆಲದ ವ್ಯಾಸವೋ ಹೊರ ಚೌಕಟ್ಟಿನದೋ ಅಂತ ಮುಂದೆ ತಲೆಕೆಡಿಸಿಕೊಳ್ಳುತ್ತೀರಿ, ಈಗಲೇ ಹೇಳಿಬಿಡ್ತೀನಿ. ಚಿತ್ರದಿಂದಲೇ ಅಳೆಯಬಹುದು: ನೆಲದ ಎರಡು ಜೋಡಣೆ ಗೆರೆಗಳ ನಡುವಿನ ದೂರವನ್ನು ಅಲ್ಲಿ ನಿಂತವರ ಪಾದದ ಉದ್ದದಿಂದ ಅಂದಾಜಿಸಿ, ಆ ಎರಡು ಗೆರೆಗಳ ನಡುವಿನ ಕೋನವನ್ನು ರೇಡಿಯನ್‌ನಲ್ಲಿ ತೆಗೆದು ಭಾಗಿಸಿದರೆ ತ್ರಿಜ್ಯ. ಪಕ್ಕಪಕ್ಕದ ಗೆರೆ ಮಾತ್ರ ತೆಗೆದುಕೊಳ್ಳಬೇಡಿ. 10 ಡಿಗ್ರಿಯಲ್ಲಿ ಅರ್ಧ ಡಿಗ್ರಿ ತಪ್ಪಾದರೆ ತ್ರಿಜ್ಯ ಸುಮಾರು 29 ಸೆಂಟಿಮೀಟರ್ ಆಚೀಚೆ ಆಗುತ್ತೆ. 60 ಡಿಗ್ರಿ ಹರವಿನಲ್ಲಿ ಅದೇ ತಪ್ಪು 5 ಸೆಂಟಿಮೀಟರ್‌ಗೆ ಇಳಿಯುತ್ತೆ.

---

ಮಸೂರ, ಚಿಕ್ಕಮಗಳೂರು

ಎಫ್‌ಸ್ಪೈ ಡ್ರಮ್‌ನಲ್ಲಿ ಸೋಲುವುದು ಸಹಜ. ಅದಕ್ಕೆ ಎರಡು ದಿಕ್ಕಿನ ಸಮಾನಾಂತರ ನೇರ ಗೆರೆಗಳು ಬೇಕು. ಕಾಕ್‌ಪಿಟ್‌ನಲ್ಲಿ, ಪಾಡ್ ಬೇಯಲ್ಲಿ ಅವು ಧಾರಾಳವಾಗಿವೆ. ಡ್ರಮ್‌ನಲ್ಲಿ ಅಚ್ಚಿನ ದಿಕ್ಕಿಗೆ ಹೋಗುವ ಅಡ್ಡ ಜೋಡಣೆ ಗೆರೆಗಳು ಮಾತ್ರ ನೇರ, ಉಳಿದದ್ದೆಲ್ಲ ವೃತ್ತದ ತುಂಡು. ವೃತ್ತದ ತುಂಡನ್ನು ನೇರ ಗೆರೆ ಅಂತ ಕೊಟ್ಟರೆ ಅದು ಸುಳ್ಳು ಫೋಕಲ್ ಲೆಂತ್ ಕೊಡುತ್ತದೆ, ಅದನ್ನು ನಂಬಿ ಮುಂದೆ ಹೋದರೆ ಎಲ್ಲವೂ ಓರೆ.

ಡ್ರಮ್‌ಗೆ ಕೈಯಿಂದಲೇ ಹೊಂದಿಸಬೇಕು. ಮೇಲಿನವರು ಹೇಳಿದ ಬರೀ ಚಿಪ್ಪನ್ನು ವೈರ್‌ಫ್ರೇಮ್ ಮಾಡಿ, ಶಾಟ್ ಅನ್ನು ಕ್ಯಾಮೆರಾದ ಬ್ಯಾಕ್‌ಗ್ರೌಂಡ್ ಇಮೇಜ್ ಆಗಿ ಹಾಕಿ. ಮೊದಲು ಅಡ್ಡಗೆರೆಗಳು ಸೇರುವ ಬಿಂದು ಕೂರುವಂತೆ ಕ್ಯಾಮೆರಾ ತಿರುಗಿಸಿ, ಆಮೇಲೆ ಚಿಪ್ಪಿನ ಎರಡು ಅಂಚುಗಳ ವಕ್ರ ಕೂರುವವರೆಗೆ ಫೋಕಲ್ ಲೆಂತ್ ಮತ್ತು ದೂರ ಎರಡನ್ನೂ ಸ್ವಲ್ಪ ಸ್ವಲ್ಪವೇ ಬದಲಿಸಿ. ಹತ್ತಿರದ ನೆಲ ಮತ್ತು ಮೇಲೇರಿ ಹೋದ ದೂರದ ನೆಲ ಎರಡೂ ಒಟ್ಟಿಗೆ ಕೂತರೆ ಮಾತ್ರ ಸರಿ ಅನ್ನಿ. ಒಂದು ಕೂತು ಇನ್ನೊಂದು ತಪ್ಪಿದರೆ ಫೋಕಲ್ ಲೆಂತ್ ತಪ್ಪು. ಎರಡೂ ಒಂದೇ ದಿಕ್ಕಿಗೆ ತಪ್ಪಿದರೆ ನಿಮ್ಮ ತ್ರಿಜ್ಯ ತಪ್ಪು. ಒಂದು ಶಾಟ್‌ನಿಂದ ತೀರ್ಮಾನಕ್ಕೆ ಬರಬೇಡಿ, ಕನಿಷ್ಠ ಮೂರು ಶಾಟ್ ಒಂದೇ ಮಾಡೆಲ್‌ಗೆ ಕೂರಬೇಕು.

ಸೆನ್ಸರ್ ಅಗಲದ ಬಗ್ಗೆ ಆನ್‌ಲೈನ್‌ನಲ್ಲಿ ವಿಪರೀತ ಗೊಂದಲ ಇದೆ. ಚಿತ್ರ ತೆಗೆದದ್ದು ಸೂಪರ್ ಪ್ಯಾನಾವಿಷನ್ 70ರಲ್ಲಿ, ನೆಗೆಟಿವ್ 65 ಮಿಲಿಮೀಟರ್, ಅದರ ಮೇಲಿನ ಚೌಕಟ್ಟು ಸುಮಾರು 52.5 ಅಗಲ, 23 ಎತ್ತರ. ಬ್ಲೆಂಡರ್‌ನ ಡೀಫಾಲ್ಟ್ ಸೆನ್ಸರ್ 36 ಮಿಲಿಮೀಟರ್. ಕಣ್ಣಳತೆಯಲ್ಲಿ ಹೊಂದಿಸುವಾಗ ಇದು ಲೆಕ್ಕಕ್ಕೆ ಬರಲ್ಲ: 36ರ ಸೆನ್ಸರ್‌ಗೆ 25 ಮಿಲಿಮೀಟರ್ ಲೆನ್ಸ್ ಹಾಕಿದರೂ 52.5ರ ಸೆನ್ಸರ್‌ಗೆ 36.5 ಹಾಕಿದರೂ ಕಾಣುವ ಕೋನ ಒಂದೇ. ಚಿತ್ರೀಕರಣದಲ್ಲಿ ಬಳಸಿದ ಲೆನ್ಸ್‌ನ ಅಳತೆಯನ್ನು ನೇರವಾಗಿ ಟೈಪ್ ಮಾಡುವಾಗ ಮಾತ್ರ ಸೆನ್ಸರ್ ಸರಿ ಇರಬೇಕು.

ಸ್ಕ್ರೀನ್‌ಶಾಟ್‌ನ ಕಪ್ಪು ಪಟ್ಟಿ ಕತ್ತರಿಸುವಾಗ ಮೇಲೆ ಕೆಳಗೆ ಸಮ ಸಮ ಕತ್ತರಿಸಿ. ಒಂದು ಕಡೆ ಹತ್ತು ಪಿಕ್ಸೆಲ್ ಹೆಚ್ಚು ಹೋದರೂ ಲೆನ್ಸ್‌ನ ಕೇಂದ್ರ ಸರಿಯುತ್ತದೆ. ಅನುಪಾತ 2.20ಕ್ಕೆ 1, ಹಾಗಾಗಿ 3840 ಅಗಲಕ್ಕೆ 1745ರ ಹತ್ತಿರದ ಎತ್ತರ ಬರಬೇಕು. 2018ರ 4ಕೆ ಡಿಸ್ಕ್‌ನಿಂದ ತೆಗೆಯಿರಿ. ಯೂಟ್ಯೂಬ್ ತುಣುಕುಗಳಲ್ಲಿ ಅಂಚು ಕತ್ತರಿಸಿರುತ್ತಾರೆ, ಅವು ಅಳತೆಗೆ ಬರಲ್ಲ.

ಹ್ಯಾಲ್‌ನ ದೃಷ್ಟಿಯ ಶಾಟ್‌ಗಳನ್ನು ಮಾಮೂಲಿ ಕ್ಯಾಮೆರಾದಲ್ಲಿ ಹೊಂದಿಸಲು ಹೋಗಬೇಡಿ, ಅವು ಅತಿ ಅಗಲ ಕೋನದ ಫಿಶ್‌ಐ. ಸೈಕಲ್ಸ್‌ನಲ್ಲಿ (ಬ್ಲೆಂಡರ್‌ನ ರೆಂಡರ್ ಎಂಜಿನ್) ಪ್ಯಾನೊರಾಮಿಕ್ ಆರಿಸಿ ಫಿಶ್‌ಐ ಈಕ್ವಿಡಿಸ್ಟಂಟ್ ಇಟ್ಟು ಕೋನ ಬದಲಿಸಿ ನೋಡಿ.

---

ಸಾಲಗಾಮೆ_ಗೇಟ್, ಹಾಸನ

ಇಬ್ಬರಿಗೂ ಧನ್ಯವಾದ. ಕೇಂದ್ರದ ಸುತ್ತ ತಿರುಗಿಸುವ ದಾರಿಯಲ್ಲಿ ಮೇಜುಗಳು ನೆಟ್ಟಗಾದವು. ಎರಡು ಉಪಪ್ರಶ್ನೆ. ವಿಡಿಯೊದಲ್ಲಿ ಡ್ರಮ್ ಎಷ್ಟು ವೇಗವಾಗಿ ತಿರುಗಬೇಕು? ಗೋಳದ ವಿಷಯಕ್ಕೆ ಯಾರೂ ಬಂದಿಲ್ಲವಲ್ಲ?

---

ಗುಡ್ಡದಹಳ್ಳಿ, ಹಾಸನ

ಗೋಳದೊಳಗೆ ಹಿಡಿಸಲ್ಲ ಗುರು. ನಿಮ್ಮ ಮಾಡೆಲ್ ತಪ್ಪಿಲ್ಲ, ಸೆಟ್‌ಗಳನ್ನು ಒಂದರೊಳಗೊಂದು ಕೂರಬೇಕು ಅಂತ ಕಟ್ಟಿಯೇ ಇಲ್ಲ.

ಲೆಕ್ಕ ಹಾಕಿ. 38 ಅಡಿ ವ್ಯಾಸ, 10 ಅಡಿ ಅಗಲದ ಗಾಲಿಯನ್ನು ನಡುಮಧ್ಯೆ ಇಟ್ಟರೂ ಗೋಳದ ಒಳವ್ಯಾಸ 39.3 ಅಡಿ ಬೇಕು, ಗೋಡೆ ದಪ್ಪ, ಬೇರಿಂಗು, ತಿರುಗಲು ಸಂದು ಏನೂ ಸೇರಿಸದೆ. ಆಗ ಗಾಲಿಯ ಎರಡೂ ಪಕ್ಕ ಉಳಿಯೋದು 14.6 ಅಡಿ ಎತ್ತರದ ಬೋಗುಣಿಯಂಥ ಜಾಗ. ಒಂದು ಪಾಡ್ 7 ಅಡಿ ಅಂತ ಹಿಡಿದು ಮೂರನ್ನು ಪಕ್ಕಪಕ್ಕ ನಿಲ್ಲಿಸಿ ಸಂದು ಬಿಟ್ಟರೆ 28 ಅಡಿ ಅಗಲ, ಆಳ ಎತ್ತರ ತಲಾ 10 ಅಡಿ ಸಾಕು ಅನ್ನೋಣ. ಗಾಲಿಯಿಂದ 10 ಅಡಿ ಆಚೆಗೆ ಹೋಗುವಷ್ಟರಲ್ಲಿ ಬೋಗುಣಿಯ ಅಗಲ 25 ಅಡಿಗೆ ಇಳಿದಿರುತ್ತೆ. ಮೂಲೆಗಳು ಹೊರಗೆ. ಬರೀ ಪಾಡ್ ಬೇ ಹಿಡಿಸಬೇಕು ಅಂದ್ರೇ ಒಳವ್ಯಾಸ 42 ಅಡಿ ದಾಟಬೇಕು, ಕಾಕ್‌ಪಿಟ್, ಹಾದಿ, ಹ್ಯಾಲ್‌ನ ಮೆದುಳಿನ ಕೋಣೆ ಇನ್ನೂ ಬಾಕಿ. ಹಾಗಂತ ಗೋಳವನ್ನು ಹಿಗ್ಗಿಸಿದರೆ ಹೊರಗಿನ ಶಾಟ್‌ನಲ್ಲಿ ಪಾಡ್‌ಗೂ ಗೋಳಕ್ಕೂ ಇರುವ ಅನುಪಾತ ಕೆಡುತ್ತೆ.

ಆದ್ದರಿಂದ ಮೊದಲೇ ತೀರ್ಮಾನ ಮಾಡಿಕೊಳ್ಳಿ: ನೀವು ಕಟ್ತಿರೋದು ನೌಕೆಯನ್ನೋ ಸೆಟ್ ಅನ್ನೋ? ಶಾಟ್ ಪಕ್ಕ ಇಟ್ಟರೆ ಕೂರಬೇಕು ಅಂತ ಬರೆದಿದ್ದೀರಿ, ಹಾಗಾದರೆ ಸೆಟ್. ನೌಕೆ ಅನ್ನೋದು ಎಡಿಟಿಂಗ್ ಮೇಜಿನ ಮೇಲೆ ಮಾತ್ರ ಒಂದಾಗಿದ್ದು. ಇಂಗ್ಲೆಂಡಿನ ಬೋರಮ್‌ವುಡ್‌ನ ಎಂಜಿಎಂ ಸ್ಟುಡಿಯೊದಲ್ಲಿ ಕಟ್ಟಿದ್ದ ಆ ಸೆಟ್‌ಗಳು ಈಗ ಇಲ್ಲ, ಚಿತ್ರ ಮುಗಿದ ಮೇಲೆ ಕೆಡವಿದರು. ನಿರ್ದೇಶಕ ಕುಬ್ರಿಕ್‌ರ ಕಾಗದಪತ್ರ ಲಂಡನ್ನಿನ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್‌ನ ಸಂಗ್ರಹದಲ್ಲಿದೆ. ಹಾಸನದಲ್ಲಿ ಕೂತವರಿಗೆ ಮಾತ್ರ ಚಿತ್ರದ ಫ್ರೇಮೇ ದಾಖಲೆ. ನಾಲ್ಕು ಫೈಲ್ ಮಾಡಿ: ಡ್ರಮ್, ಅಚ್ಚಿನ ಹಾದಿ, ಕಾಕ್‌ಪಿಟ್, ಪಾಡ್ ಬೇ. ಗುಂಡಿ, ಹಿಡಿಕೆ, ಸ್ಕ್ರೀನ್ ಚೌಕಟ್ಟಿನಂಥ ಎಲ್ಲೆಡೆ ಬರುವ ಸಾಮಾನು ಐದನೇ ಲೈಬ್ರರಿ ಫೈಲ್‌ನಲ್ಲಿ ಇರಲಿ, ಉಳಿದ ನಾಲ್ಕರಲ್ಲಿ ಲಿಂಕ್ ಮಾಡಿ. ಓಡಾಡುವ ಆವೃತ್ತಿಯಲ್ಲಿ ಬಾಗಿಲು ದಾಟಿದಾಗ ಸೀನ್ ಬದಲಾದರೆ ಯಾರಿಗೂ ಗೊತ್ತಾಗಲ್ಲ.

ವೇಗದ ಪ್ರಶ್ನೆಗೆ: ಡ್ರಮ್ ತಿರುಗಿಸಲೇಬೇಡಿ. ಒಳಗಿರುವ ಕ್ಯಾಮೆರಾಕ್ಕೆ ಡ್ರಮ್ ಯಾವಾಗಲೂ ನಿಂತಂತೆಯೇ ಕಾಣಬೇಕು. ಚಿತ್ರೀಕರಣದಲ್ಲಿ ನಟ ತಳದಲ್ಲೇ ಓಡುತ್ತಿದ್ದ, ಅವನ ಕಾಲಡಿಯಲ್ಲಿ ಗಾಲಿ ಸರಿಯುತ್ತಿತ್ತು. ಕ್ಯಾಮೆರಾ ಒಂದೋ ಅವನ ಜೊತೆ ತಳದಲ್ಲೇ ಇರುತ್ತಿತ್ತು, ಇಲ್ಲವೇ ಸೆಟ್‌ಗೇ ಬಿಗಿದು ಸೆಟ್ ಜೊತೆ ಮೇಲೇರುತ್ತಿತ್ತು. ನಿಮಗೆ ಗುರುತ್ವದ ಕಾಟ ಇಲ್ಲ, ಪಾತ್ರವನ್ನೂ ಕ್ಯಾಮೆರಾವನ್ನೂ ಒರಿಜಿನ್‌ನ ಎಂಪ್ಟಿಗೆ ಪೇರೆಂಟ್ ಮಾಡಿ ತಿರುಗಿಸಿ. ತಿರುಗುವಿಕೆ ಕಣ್ಣಿಗೆ ಬೀಳೋದು ಅಚ್ಚಿನ ಹಾದಿಯಿಂದ ನೋಡಿದಾಗ. ಅಲ್ಲಿ ಎರಡು ವೇಗದಲ್ಲಿ ಒಂದನ್ನು ಆರಿಸಿ. ಸೆಟ್ ಅಂಚಿನಲ್ಲಿ ಹೆಚ್ಚೆಂದರೆ ಗಂಟೆಗೆ 3 ಮೈಲಿ ವೇಗದಲ್ಲಿ ತಿರುಗುತ್ತಿತ್ತು, ಒಂದು ಸುತ್ತಿಗೆ 27 ಸೆಕೆಂಡ್. ಭೌತಶಾಸ್ತ್ರದ ಪ್ರಕಾರ ಆ ವೇಗ ಕೊಡೋದು ಭೂಮಿಯ ಗುರುತ್ವದ ಶೇಕಡ 3 ಮಾತ್ರ. ಚಂದ್ರನಷ್ಟು ಗುರುತ್ವ ಬೇಕಾದರೆ ಸುತ್ತಿಗೆ 12 ಸೆಕೆಂಡ್, ಅಂದರೆ ನಿಮಿಷಕ್ಕೆ 5 ಸುತ್ತು.

---

ದಾಸರಹಳ್ಳಿ_ಕಾಫಿ, ಚಿಕ್ಕಮಗಳೂರು

ಬೆಳಕಿನ ವಿಷಯಕ್ಕೆ ಬರ್ತೀನಿ. ಮುಚ್ಚಿದ ಬಿಳಿ ಕೋಣೆ ಸೈಕಲ್ಸ್‌ಗೆ ಕಷ್ಟದ ಕೆಲಸ, ಎಲ್ಲ ಗೋಡೆಯೂ ಎಲ್ಲ ಗೋಡೆಗೂ ಬೆಳಕು ಎಸೆಯುತ್ತೆ.

ಬಿಳಿ ಬಣ್ಣಕ್ಕೆ ಬೇಸ್ ಕಲರ್ 1.0 ಕೊಟ್ಟಿದ್ದರೆ ಮೊದಲು ಅದನ್ನು 0.8ಕ್ಕೆ ಇಳಿಸಿ. 1.0 ಅಂದರೆ ಬೆಳಕು ಎಂದಿಗೂ ಸಾಯಲ್ಲ, ನೆರಳೂ ಉಳಿಯಲ್ಲ, ಕಾಳು ಹೆಚ್ಚಾಗುತ್ತೆ. ನಿಜವಾದ ಬಿಳಿ ಬಣ್ಣವೂ 0.8ರ ಆಸುಪಾಸಿನದೇ. ಆಮೇಲೆ ಲೈಟ್ ಪಾತ್ಸ್‌ನಲ್ಲಿ ಡಿಫ್ಯೂಸ್ ಬೌನ್ಸ್ ನೋಡಿ, ಡೀಫಾಲ್ಟ್ 4. ಬಿಳಿ ಕೋಣೆಗೆ ಅದು ಸಾಲದು, ನಾಲ್ಕನೇ ಪುಟಿತದಲ್ಲೂ ಬೆಳಕಿನ ಶೇಕಡ 41 ಉಳಿದಿರುತ್ತೆ, ಅದನ್ನು ಕತ್ತರಿಸಿದರೆ ಮೂಲೆಗಳು ಬೂದಾಗುತ್ತವೆ. 8 ಅಥವಾ 10 ಮಾಡಿ. ನಿಮ್ಮ ಬೂದು ಬಣ್ಣದ ಅರ್ಧ ಕಾರಣ ಇದು. ಇನ್ನರ್ಧ, ಬೆಳಕಿನ ಲೆಕ್ಕವನ್ನು ಪರದೆಯ ಬಣ್ಣಕ್ಕೆ ಇಳಿಸುವ ಎಜಿಎಕ್ಸ್ ವ್ಯೂ ಟ್ರಾನ್ಸ್‌ಫಾರ್ಮ್, ಬ್ಲೆಂಡರ್ 4.0ರಿಂದ ಅದೇ ಡೀಫಾಲ್ಟ್. ಅದು ಬಿಳಿಯನ್ನು ಮೆತ್ತಗೆ ಕೆಳಗೆ ಹಿಡಿಯುತ್ತೆ. ಲುಕ್‌ನಲ್ಲಿ ಮೀಡಿಯಂ ಹೈ ಕಾಂಟ್ರಾಸ್ಟ್ ಹಾಕಿ, ಎಕ್ಸ್‌ಪೋಶರ್ ಅರ್ಧ ಸ್ಟಾಪ್ ಏರಿಸಿ ನೋಡಿ.

ಕಾಳಿಗೆ ಸ್ಯಾಂಪಲ್ ಸುಮ್ಮನೆ ಏರಿಸುತ್ತ ಹೋಗೋದು ವ್ಯರ್ಥ. 512 ಸ್ಯಾಂಪಲ್, ನಾಯ್ಸ್ ಥ್ರೆಶೋಲ್ಡ್ 0.01, ಕಾಳು ಒರೆಸುವ ಓಪನ್ ಇಮೇಜ್ ಡಿನಾಯ್ಸ್‌ಗೆ ಆಲ್ಬಿಡೋ ಮತ್ತು ನಾರ್ಮಲ್ ಪಾಸ್ ಎರಡೂ. ನೂರಾರು ಹೊಳೆಯುವ ಗುಂಡಿಗಳಿರುವುದರಿಂದ ಲೈಟ್ ಟ್ರೀ ಆನ್ ಇರಲಿ. ಪ್ರತಿ ಗುಂಡಿಯೂ ಕೋಣೆಗೆ ಬೆಳಕು ಕೊಡಬೇಕಾಗಿಲ್ಲ, ಆ ಮೆಟೀರಿಯಲ್‌ನ ಎಮಿಶನ್ (ತಾನೇ ಬೆಳಕು ಸೂಸುವ ಗುಣ) ಸ್ಯಾಂಪ್ಲಿಂಗ್ ಅನ್ನು 'ನನ್' (None) ಮಾಡಿ, ಕಣ್ಣಿಗೆ ಹೊಳೆಯುತ್ತೆ, ಲೆಕ್ಕದ ಭಾರ ಇಳಿಯುತ್ತೆ. ಅನಿಮೇಶನ್‌ನಲ್ಲಿ ಡಿನಾಯ್ಸರ್ ಪ್ರತಿ ಫ್ರೇಮನ್ನೂ ಬೇರೆ ಬೇರೆಯಾಗಿ ಒರೆಸುವುದರಿಂದ ಗುಂಡಿಗಳ ಅಂಚು ಮಿಣಮಿಣ ಅನ್ನುತ್ತೆ. ಸ್ಥಿರಚಿತ್ರ ಚೆನ್ನಾಗಿದೆ ಅಂತ ನೇರ 240 ಫ್ರೇಮ್‌ಗೆ ಹೋಗಬೇಡಿ, ಮೊದಲು ಒಂದು ಸೆಕೆಂಡಿನಷ್ಟು, 24 ಫ್ರೇಮ್ ಮಾಡಿ ಓಡಿಸಿ ನೋಡಿ.

ಗುಂಡಿಗಳನ್ನು ಶಿಫ್ಟ್ + ಡಿ ಒತ್ತಿ ನಕಲು ಮಾಡಿದ್ದರೆ ಈಗಲೇ ಬದಲಿಸಿ, ಆಲ್ಟ್ + ಡಿ ಇರಬೇಕು. ಆಗ ನಾನೂರು ಗುಂಡಿಗೂ ಮೆಮೊರಿಯಲ್ಲಿ ಮೆಶ್ (ಆಕಾರದ ಜಾಲ) ಒಂದೇ. ಬಣ್ಣ ಬೇರೆ ಬೇರೆ ಬೇಕಾದರೆ ಆಬ್ಜೆಕ್ಟ್ ಇನ್ಫೋ ನೋಡ್‌ನ ರ‍್ಯಾಂಡಮ್ ಅನ್ನು ಕಾನ್‌ಸ್ಟಂಟ್ ಕಲರ್ ರ‍್ಯಾಂಪ್‌ಗೆ ಕೊಡಿ. ಇದು ಡ್ರಾಫ್ಟ್‌ಗೆ ಮಾತ್ರ. ಕೊನೆಯ ಆವೃತ್ತಿಯಲ್ಲಿ ಶಾಟ್ ನೋಡಿ ಒಂದೊಂದಕ್ಕೂ ಸರಿಯಾದ ಬಣ್ಣ ಕೈಯಿಂದ ಕೊಡಬೇಕು, ಅಭಿಮಾನಿಗಳು ಮೊದಲು ಎಣಿಸೋದೇ ಅದನ್ನ.

ಈಗ ಹ್ಯಾಲ್‌ನ ಕಣ್ಣು. ಎಮಿಶನ್ ಬಲ 20, 30 ಕೊಟ್ಟಿರುತ್ತೀರಿ. ಎಜಿಎಕ್ಸ್‌ನಲ್ಲಿ ಬಣ್ಣ ಅತಿ ಪ್ರಖರವಾದರೆ ಬಿಳಿಯ ಕಡೆ ಸರಿಯುತ್ತೆ, ಕೆಂಪು ದಾರಿಯಲ್ಲಿ ಗುಲಾಬಿಯಾಗುತ್ತೆ. ಬಲವನ್ನು 1.5ರಿಂದ 3ರೊಳಗೆ ಇಡಿ, ಹಬ್ಬಿದ ಹೊಳಪನ್ನು ಕಂಪಾಸಿಟರ್‌ನ ಗ್ಲೇರ್ ನೋಡ್‌ನಲ್ಲಿ ತನ್ನಿ. ಆ ಪ್ರಾಪ್‌ನಲ್ಲಿ ಇದ್ದದ್ದು ನಿಜವಾದ ಕ್ಯಾಮೆರಾ ಲೆನ್ಸ್, ನಿಕಾನ್ ಕಂಪನಿಯ 8 ಮಿಲಿಮೀಟರ್ ಎಫ್ 8 ಫಿಶ್‌ಐ ನಿಕ್ಕೋರ್. ಹಾಗಂತ ಒಳಗಿನ ಗಾಜುಗಳನ್ನೆಲ್ಲ ಮಾಡೆಲ್ ಮಾಡೋದು ಹುಚ್ಚು, ವಕ್ರೀಭವನದ ಕಾಳು ತಿಂಗಳಾದರೂ ಹೋಗಲ್ಲ. ಮುಂದೆ ಉಬ್ಬಿದ ಒಂದು ಗಾಜು, ಹಿಂದೆ ಮೂರು ಕಪ್ಪು ಬಳೆ ಮೆಟ್ಟಿಲಾಗಿ, ಆಳದಲ್ಲಿ ಕೆಂಪು ತಟ್ಟೆ, ಅದರ ನಡುವೆ ಹಳದಿ ಚುಕ್ಕೆ. ಗಾಜಿನಲ್ಲಿ ಕೋಣೆಯ ಪ್ರತಿಬಿಂಬ ಕಾಣಬೇಕು, ಕಣ್ಣಿಗೆ ಜೀವ ಬರೋದು ಪ್ರತಿಬಿಂಬದಿಂದ.

ಯಾವ ಬಿಳಿ ಸರಿ ಅನ್ನೋ ಜಗಳಕ್ಕೆ ಸಿಕ್ಕಬೇಡಿ. 2018ರಲ್ಲೇ ಥಿಯೇಟರಿಗೆ ಬಂದ ಪುನಶ್ಚೇತನ ಮಾಡದ 70 ಮಿಲಿಮೀಟರ್ ಪ್ರಿಂಟ್‌ನ ಬಣ್ಣ ಬೇರೆ, ಅದೇ ವರ್ಷದ 4ಕೆ ಡಿಸ್ಕ್‌ನ ಬಣ್ಣ ಬೇರೆ. ಒಂದನ್ನು ಆರಿಸಿ, ಕೊನೆವರೆಗೂ ಅದಕ್ಕೇ ಅಂಟಿಕೊಳ್ಳಿ.

---

ಅಕ್ಷರಜೋಡಣೆ, ಹಾಸನ

ಸ್ಕ್ರೀನ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. ಅವಕ್ಕೆ ಸ್ಕ್ಯಾನ್‌ಲೈನ್ ಹಾಕಬೇಡಿ, ಉಬ್ಬಿದ ಗಾಜೂ ಬೇಡ. ಅವು ಟಿವಿ ಟ್ಯೂಬ್‌ಗಳಲ್ಲ, ಚಪ್ಪಟೆ ಪರದೆಯ ಹಿಂದೆ 16 ಮಿಲಿಮೀಟರ್ ಪ್ರೊಜೆಕ್ಟರ್ ಇಟ್ಟು ಹಾಯಿಸಿದ ಫಿಲ್ಮ್. ಚಿತ್ರ ತುಸು ಮೆತ್ತಗಿರಬೇಕು, ನಡುವೆ ಕೂದಲೆಳೆಯಷ್ಟು ಪ್ರಖರ, ಅಂಚಿಗೆ ಮಂಕು. ಎಮಿಶನ್ ಟೆಕ್ಸ್ಚರ್‌ಗೆ ಒಂದು ದುಂಡು ಗ್ರೇಡಿಯಂಟ್ ಗುಣಿಸಿದರೆ ಆಯ್ತು. ಕಪ್ಪು ಪೂರ್ತಿ ಕಪ್ಪಲ್ಲ, 0.01 ಇಡಿ.

ಪ್ರತಿ ಸ್ಕ್ರೀನ್‌ಗೂ 4096ರ ಟೆಕ್ಸ್ಚರ್ ಹಾಕುವ ಚಟ ಬೇಡ. 4096ರದು ಒಂದು 8 ಬಿಟ್ ಚಿತ್ರ ಕಾರ್ಡ್‌ನಲ್ಲಿ 64 ಎಂಬಿ ತಿನ್ನುತ್ತೆ, ನೂರಾದರೆ 6 ಜಿಬಿಗೂ ಮೇಲೆ. ಸ್ಕ್ರೀನ್‌ಗೆ 1024 ಸಾಕು.

ಫಾಂಟ್: ಎಲ್ಲ ಫಲಕಕ್ಕೂ ಯೂರೋಸ್ಟೈಲ್ ಬೋಲ್ಡ್ ಎಕ್ಸ್‌ಟೆಂಡೆಡ್ ಹಾಕಿ ಮುಗಿಸಿದ ಮಾಡೆಲ್‌ಗಳೇ ಹೆಚ್ಚು, ನೋಡಿದ ಕೂಡಲೇ ನಕಲಿ ಅನ್ನಿಸೋದು ಅದರಿಂದ. ಚಿತ್ರದಲ್ಲಿ ಅದು ಇದೆ ನಿಜ, ಜೊತೆಗೆ ಯೂನಿವರ್ಸ್, ಫ್ಯೂಚುರಾ ಕುಟುಂಬಗಳೂ ಇವೆ. ಫಲಕ ಫಲಕಕ್ಕೂ ದೊಡ್ಡದು ಮಾಡಿ ಆರ್, ಜಿ, 2 ಈ ಮೂರನ್ನು ನೋಡಿದರೆ ಯಾವುದು ಅಂತ ಬಿಡಿಸಬಹುದು. ಯೂರೋಸ್ಟೈಲ್‌ಗೆ ದುಡ್ಡು ಕೊಡಬೇಕು. ಗೂಗಲ್ ಫಾಂಟ್ಸ್‌ನ ಮಿಕ್ರೋಮಾ ಹತ್ತಿರ ಬರುತ್ತೆ, ಉಚಿತ, ಆದರೆ ತೂಕ ಒಂದೇ. ದಪ್ಪ ಬೇಕಾದರೆ ಇಂಕ್‌ಸ್ಕೇಪ್‌ನಲ್ಲಿ ಹೊರಗೆರೆ ಸೇರಿಸಿ. ಫಲಕವನ್ನು ಗೋಡೆಗೆ ಅಂಟಿಸುವಾಗ ಅರ್ಧ ಮಿಲಿಮೀಟರ್ ಎತ್ತಿ ಇಡಿ, ಇಲ್ಲದಿದ್ದರೆ ಎರಡು ಮೇಲ್ಮೈ ಕಚ್ಚಾಡಿ ಮಿನುಗುತ್ತವೆ.

ಹಾಗೇ ಒಂದು ಮಾತು, ಇದನ್ನು ಮಾಡೆಲ್ ಅಂಗಡಿಗಳಲ್ಲಿ ಮಾರಾಟಕ್ಕೆ ಇಡಬೇಡಿ. ನಮ್ಮ ಕಾಯ್ದೆಯಲ್ಲೂ ಸಿನಿಮಾದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ ಇರುತ್ತೆ, 1968ಕ್ಕೆ ಸೇರಿಸಿ ನೋಡಿ.

---

ಲೇತ್_ಕಂಬ, ಬೇಲೂರು

ಗೋಡೋ ಕಡೆಗೆ ನಾಲ್ಕು ಮಾತು, ಕರೆಂಟಿನ ಬಗ್ಗೆ ಒಂದು.

ಡ್ರಮ್ ಒಳಗಿನಿಂದ ನೋಡುವ ವಸ್ತು, ಮೇಲ್ಮೈ ಯಾವ ಕಡೆ ನೋಡುತ್ತೆ ಅಂತ ಹೇಳುವ ನಾರ್ಮಲ್‌ಗಳು ಕೇಂದ್ರದ ಕಡೆ ಮುಖ ಮಾಡಿರಬೇಕು. ತಿರುವುಮುರುವಾಗಿದ್ದರೆ ಬ್ಲೆಂಡರ್‌ನಲ್ಲಿ ಸರಿ ಕಾಣುತ್ತೆ, ಗೋಡೋದಲ್ಲಿ ಗೋಡೆಯೇ ಇರಲ್ಲ. ಕೊಲಿಶನ್‌ಗೆ (ಆಟಗಾರ ಗೋಡೆಗೆ ತಾಗುವ ಲೆಕ್ಕ) ಟ್ರೈಮೆಶ್ ಆರಿಸಿ. ಕಾನ್ವೆಕ್ಸ್ ಆರಿಸಿದರೆ ಡ್ರಮ್‌ನ ಹೊಟ್ಟೆಯೆಲ್ಲ ಗಟ್ಟಿ ಅಂತ ಎಂಜಿನ್ ತಿಳಿದು ಆಟಗಾರನನ್ನು ಹೊರಗೆ ಒದೆಯುತ್ತೆ. ಆ ಟ್ರೈಮೆಶ್ ಕೂಡ ಪ್ಯಾನೆಲ್ ಸಂದುಗಳಿರುವ ಮೆಶ್ ಆಗಬಾರದು, ಸಂದಿಯಲ್ಲಿ ಕಾಲು ತಡೆಯುತ್ತೆ. 144 ಭಾಗದ ನುಣುಪಾದ ಸಿಲಿಂಡರ್ ಒಂದನ್ನು ಕಣ್ಣಿಗೆ ಕಾಣದಂತೆ ಬೇರೆ ಇಡಿ.

ಕ್ಯಾರೆಕ್ಟರ್‌ಬಾಡಿ 3ಡಿ (ಆಟಗಾರನ ನೋಡ್) ಇದರ ಅಪ್ ಡೈರೆಕ್ಷನ್ ಅನ್ನು ಪ್ರತಿ ಭೌತಿಕ ಫ್ರೇಮ್‌ನಲ್ಲೂ ಹೊಸದಾಗಿ ಕೊಡಬೇಕು: ಆಟಗಾರನ ಜಾಗದಿಂದ ಅಚ್ಚಿನ ಕಡೆಗೆ ಹೋಗುವ ವೆಕ್ಟರ್, ಎಕ್ಸ್ ಅಂಶ ಸೊನ್ನೆ, ನಾರ್ಮಲೈಸ್ ಮಾಡಿದ್ದು. ಗುರುತ್ವ ಅದರ ವಿರುದ್ಧ ದಿಕ್ಕಿಗೆ. ದೇಹದ ಬೇಸಿಸ್ (ಮೂರು ಅಕ್ಷಗಳ ದಿಕ್ಕು) ಕೂಡ ಅದಕ್ಕೇ ಹೊಂದಬೇಕು, ಅಲ್ಲದಿದ್ದರೆ ನಡೆದಂತೆ ಮನುಷ್ಯ ಮಲಗುತ್ತಾನೆ. ಅಪ್ ಡೈರೆಕ್ಷನ್ ಬದಲಿಸದೆ ಬಿಟ್ಟರೆ 45 ಡಿಗ್ರಿವರೆಗೆ ಹತ್ತಿ ಜಾರಿ ಬೀಳುತ್ತಾನೆ, ಫ್ಲೋರ್ ಮ್ಯಾಕ್ಸ್ ಆ್ಯಂಗಲ್‌ನ ಡೀಫಾಲ್ಟ್ ಅಷ್ಟೇ. ಅಚ್ಚಿನ ಹಾದಿಯಲ್ಲಿ ಆಟಗಾರ ಸರಿಯಾಗಿ ಕೇಂದ್ರಕ್ಕೆ ಬಂದರೆ ವೆಕ್ಟರ್ ಸೊನ್ನೆಯಾಗಿ ಎರರ್ ಬರುತ್ತೆ, ಅರ್ಧ ಮೀಟರ್‌ಗಿಂತ ಒಳಗೆ ಹೋದಾಗ ಹಳೆಯ ದಿಕ್ಕನ್ನೇ ಉಳಿಸಿಕೊಳ್ಳಿ. ಡ್ರಮ್ ನಿಂತೇ ಇರುವುದರಿಂದ ಲೈಟ್‌ಮ್ಯಾಪ್ ಬೇಕ್ ಮಾಡಬಹುದು (ಬೆಳಕನ್ನು ಮೊದಲೇ ಲೆಕ್ಕ ಹಾಕಿ ಚಿತ್ರವಾಗಿ ಉಳಿಸೋದು), ಅದಕ್ಕೆ ಎರಡನೇ ಯುವಿ (ಮೇಲ್ಮೈ ಬಿಚ್ಚಿ ಹಾಸಿದ ನಕ್ಷೆ) ಬೇಕು.

ಇನ್ನು ರೆಂಡರ್. ಫ್ರೇಮಿಗೆ 3 ನಿಮಿಷ ಆದರೂ 240 ಫ್ರೇಮ್‌ಗೆ 12 ಗಂಟೆ. ನಮ್ಮ ಕಡೆ ಏಪ್ರಿಲ್-ಮೇ ಗುಡುಗಿನ ದಿನಗಳಲ್ಲಿ ಅಷ್ಟು ಹೊತ್ತು ಕರೆಂಟ್ ನಂಬುವ ಹಾಗಿಲ್ಲ, ನೇರ ವಿಡಿಯೊ ಫೈಲ್‌ಗೆ ರೆಂಡರ್ ಕೊಟ್ಟರೆ ನಡುವೆ ಹೋದದ್ದೆಲ್ಲ ಹೋಯ್ತು. ಇಎಕ್ಸ್‌ಆರ್ ಚಿತ್ರಗಳ ಸರಣಿಯಾಗಿ ಕೊಡಿ. ಔಟ್‌ಪುಟ್‌ನಲ್ಲಿ ಓವರ್‌ರೈಟ್ ತೆಗೆಯಿರಿ, ಪ್ಲೇಸ್‌ಹೋಲ್ಡರ್ಸ್ ಹಾಕಿ. ಕರೆಂಟ್ ಬಂದ ಮೇಲೆ ಮತ್ತೆ ರೆಂಡರ್ ಒತ್ತಿದರೆ ಆಗದ ಫ್ರೇಮ್‌ಗಳನ್ನು ಮಾತ್ರ ಮಾಡುತ್ತೆ. ಆದರೆ ಹೋದ ಕ್ಷಣದಲ್ಲಿ ನಡೆಯುತ್ತಿದ್ದ ಫ್ರೇಮ್‌ನ ಖಾಲಿ ಫೈಲ್ ಉಳಿದಿರುತ್ತೆ, ಅದನ್ನು ಮುಗಿದದ್ದು ಅಂತ ತಿಳಿದು ದಾಟಿ ಹೋಗುತ್ತೆ. ಮತ್ತೆ ಶುರು ಮಾಡುವ ಮುಂಚೆ ಫೋಲ್ಡರನ್ನು ಗಾತ್ರದ ಪ್ರಕಾರ ಜೋಡಿಸಿ ಸೊನ್ನೆ ಬೈಟ್‌ನ ಫೈಲ್‌ಗಳನ್ನು ಅಳಿಸಿ.

ಮನೆಯ ಇನ್ವರ್ಟರ್‌ಗೆ ಹಾಕುವುದಾದರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ಬದಲಾಗುವ ಕ್ಷಣದಲ್ಲೇ ಪಿಸಿ ರೀಸ್ಟಾರ್ಟ್ ಆಗುತ್ತೆ. 3060ರ ಪೂರ್ತಿ ಮಿತಿ 170 ವಾಟ್, ಪವರ್ ಲಿಮಿಟ್ ಶೇಕಡ 75ಕ್ಕೆ ಇಳಿಸಿದರೆ ವೇಗ ಸ್ವಲ್ಪವೇ ತಗ್ಗುತ್ತೆ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತೆ. ಒಟ್ಟು 300 ವಾಟ್ ಎಳೆತಕ್ಕೆ 150 ಎಎಚ್‌ನ ಹೊಸ ಬ್ಯಾಟರಿ ಲೆಕ್ಕಕ್ಕೆ ನಾಲ್ಕು ಗಂಟೆ, ಹಳೆಯದಾದರೆ ಅದರ ಅರ್ಧ ಅಂದುಕೊಳ್ಳಿ. ಸಿಡಿಲು ಶುರುವಾದರೆ ಮಾತ್ರ ಇಂಟರ್‌ನೆಟ್‌ನ ಲ್ಯಾನ್ ಕೇಬಲ್ ಕೀಳಿ, ರೆಂಡರ್‌ಗೆ ಅದು ಬೇಕಿಲ್ಲ.